ಆಟದ ಇಟ್ಟಿಗೆಗಳಲ್ಲಿ ಇತಿಹಾಸವನ್ನು ಕಟ್ಟುವ ಬಗೆ

ನವರಾತ್ರಿ ಬಂತೆಂದರೆ ನಮ್ಮ ಅನೇಕ ಮನೆಗಳಲ್ಲಿ ಅಟ್ಟದ ಮೇಲಿನ ಪೆಟ್ಟಿಗೆಗಳು ಕೆಳಗಿಳಿಯುತ್ತವೆ. ಪಟ್ಟದ ಗೊಂಬೆಗಳು ಮೇಲಿನ ಮೆಟ್ಟಿಲೇರುತ್ತವೆ. ಕೆಳಗಿನ ಹಂತದಲ್ಲಿ ಮೊಳಕೆ ಬಂದ ರಾಗಿಯ ಪೈರು ತೋಟವಾಗುತ್ತದೆ, ಕನ್ನಡಿಯ ಚೂರು ಕೆರೆಯಾಗುತ್ತದೆ. ಇದಾಗಿ ಕೆಲವೇ ವಾರಗಳಲ್ಲಿ ದೀಪಾವಳಿ. ಮುಂಬಯಿ, ಪುಣೆಗಳಲ್ಲಿ ಬೆಳೆಯುವ ನಮ್ಮ ಮಕ್ಕಳು ಆಗ ನೆರೆಹೊರೆಯ ಮರಾಠಿ ಮಕ್ಕಳೊಡನೆ ಸೇರಿ ಅಂಗಳದ ಮೂಲೆಯಲ್ಲಿ ಮಣ್ಣಿನ ಕೋಟೆ ಕಟ್ಟುತ್ತಾರೆ. ಅದರ ಮೇಲೆ ಶಿವಾಜಿ ಮಹಾರಾಜರ ಮೂರ್ತಿಯನ್ನೂ ಮಾವಳಿ ಸೈನಿಕರನ್ನೂ ನಿಲ್ಲಿಸುತ್ತಾರೆ. ದೊಡ್ಡದಾದ ಇತಿಹಾಸವನ್ನು ಕೈಯಳತೆಗೆ ಇಳಿಸಿಕೊಂಡು ನೋಡುವ ಹಂಬಲ ಹೀಗೆ ನಮಗೆ ಹೊಸದೇನಲ್ಲ.

ಈ ಹಂಬಲಕ್ಕೆ ಈಚಿನ ದಶಕಗಳಲ್ಲಿ ಇನ್ನೊಂದು ಸಾಧನ ಒದಗಿದೆ. ಒಂದಕ್ಕೊಂದು ಕಚ್ಚಿಕೊಳ್ಳುವ ಪ್ಲಾಸ್ಟಿಕ್ ಆಟದ ಇಟ್ಟಿಗೆಗಳೇ ಆ ಸಾಧನ. ಪೆಟ್ಟಿಗೆಯೊಡನೆ ಬರುವ ಸೂಚನಾ ಪುಸ್ತಕವನ್ನು ಬದಿಗಿಟ್ಟು, ತಾವೇ ಯೋಜಿಸಿದ ಐತಿಹಾಸಿಕ ಕಟ್ಟಡಗಳ ಮಾದರಿಗಳನ್ನು ಕಟ್ಟಿ, ಅವನ್ನು ಇತರರೊಡನೆ ಹಂಚಿಕೊಳ್ಳುವ ಹವ್ಯಾಸಿಗಳು ಇಂದು ಜಗತ್ತಿನ ನಾನಾ ಕಡೆ ಇದ್ದಾರೆ. ಇದು ಕೇವಲ ಮಕ್ಕಳಾಟವಲ್ಲವೆಂಬುದು ನಮಗೆ ತಿಳಿದದ್ದು ನಾವೇ ಒಂದು ಮಾದರಿಗೆ ಕೈಹಾಕಿದ ಮೇಲೆ. ಆ ಅನುಭವವನ್ನೂ, ಅದರ ಹಿಂದಿರುವ ವಿಚಾರವನ್ನೂ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಬಡಗಿಯ ಅಂಗಡಿಯಿಂದ ಬಂದ ಇಟ್ಟಿಗೆ

ಡೆನ್ಮಾರ್ಕ್ ದೇಶದ ಬಿಲುಂಡ್ ಎಂಬ ಚಿಕ್ಕ ಊರಿನಲ್ಲಿ ಓಲೆ ಕಿರ್ಕ್ ಕ್ರಿಸ್ಟಿಯಾನ್ಸೆನ್ ಎಂಬ ಬಡಗಿ 1932ರಲ್ಲಿ ಮರದ ಆಟಿಕೆಗಳನ್ನು ಮಾಡಲು ತೊಡಗಿದನು. 1934ರಲ್ಲಿ ತನ್ನ ಉದ್ಯಮಕ್ಕೆ ಆತನಿಟ್ಟ ಹೆಸರು ಲೆಗೊ. ಡೇನಿಷ್ ಭಾಷೆಯಲ್ಲಿ 'ಚೆನ್ನಾಗಿ ಆಡು' ಎಂಬ ಅರ್ಥದ ಎರಡು ಮಾತುಗಳನ್ನು ಕೂಡಿಸಿ ಮಾಡಿದ ಹೆಸರಿದು. ಪ್ಲಾಸ್ಟಿಕ್ ಇಟ್ಟಿಗೆಗಳು ಈ ಕಾರ್ಖಾನೆಯಿಂದ ಮೊದಲು ಹೊರಬಂದದ್ದು 1949ರಲ್ಲಿ. ಇಂಗ್ಲೆಂಡಿನ ಹಿಲರಿ ಫಿಷರ್ ಪೇಜ್ ಅದಕ್ಕೂ ಮುಂಚೆ ರೂಪಿಸಿದ್ದ ಇಟ್ಟಿಗೆಗಳೇ ಅವಕ್ಕೆ ಪ್ರೇರಣೆ. ಆದರೆ ಆರಂಭದ ಇಟ್ಟಿಗೆಗಳಲ್ಲಿ ಹಿಡಿತವಿರಲಿಲ್ಲ. ಕಟ್ಟಿದ ಮನೆಯನ್ನು ಎತ್ತಿದರೆ ಬಿಚ್ಚಿಕೊಳ್ಳುತ್ತಿತ್ತು. ಇಟ್ಟಿಗೆಯ ಒಳಗೆ ಟೊಳ್ಳು ಕೊಳವೆಗಳನ್ನು ಕೂರಿಸಿ, ಕೆಳಗಿನ ಇಟ್ಟಿಗೆಯ ಗುಬುಟುಗಳನ್ನು ಅವು ಬಿಗಿಯಾಗಿ ಹಿಡಿಯುವಂತೆ ಮಾಡಿದ ವಿನ್ಯಾಸಕ್ಕೆ ಓಲೆಯ ಮಗ ಗಾಟ್‌ಫ್ರೆಡ್ 1958ರ ಜನವರಿ 28ರಂದು ಪೇಟೆಂಟ್ ಅರ್ಜಿ ಸಲ್ಲಿಸಿದನು. ಅಂದಿನ ಇಟ್ಟಿಗೆಗೆ ಇಂದಿನ ಇಟ್ಟಿಗೆ ಈಗಲೂ ಕೂಡಿಕೊಳ್ಳುತ್ತದೆ. ಅಜ್ಜನ ಕಾಲದ ಇಟ್ಟಿಗೆಯನ್ನು ಮೊಮ್ಮಗಳು ತನ್ನ ಕಟ್ಟಡದಲ್ಲಿ ಬಳಸಬಹುದಾದ ಆಟಿಕೆಗಳು ಹೆಚ್ಚಿಲ್ಲ.

ಐತಿಹಾಸಿಕ ವಸ್ತುಗಳ ಕಡೆಗೆ ಈ ಆಟ ಹೊರಳಿದ್ದು 1978ರ ಸುಮಾರಿಗೆ. ಕೈಕಾಲು ಆಡಿಸಬಲ್ಲ ಪುಟ್ಟ ಮನುಷ್ಯಾಕೃತಿಗಳು ಆ ವರ್ಷ ಬಂದವು. ಅವುಗಳಿಗೆ ವಾಸಸ್ಥಾನವೆಂಬಂತೆ ಹಳದಿ ಬಣ್ಣದ ಮಧ್ಯಯುಗದ ಕೋಟೆಯೊಂದೂ ಬಂದಿತು. ಅಂದು ಆ ಕೋಟೆಯೊಡನೆ ಆಡಿದ ಮಕ್ಕಳು ದೊಡ್ಡವರಾದ ಮೇಲೂ ಇಟ್ಟಿಗೆಯನ್ನು ಬಿಡಲಿಲ್ಲ. ಪುಸ್ತಕದಲ್ಲಿದ್ದ ಕೋಟೆ ಸಾಲದೆ, ತಮ್ಮ ಊರಿನ ಕೋಟೆಯನ್ನೂ ಚರ್ಚನ್ನೂ ಸೇತುವೆಯನ್ನೂ ಕಟ್ಟಿದರು. ಇಂತಹ ಸ್ವಂತ ರಚನೆಗಳಿಗೆ ಹವ್ಯಾಸಿಗಳ ವಲಯದಲ್ಲಿ 'ಮೈ ಓನ್ ಕ್ರಿಯೇಷನ್' ಎಂಬ ಹೆಸರಿದ್ದು, ಅದರ ಮೊದಲಕ್ಷರಗಳನ್ನು ಕೂಡಿಸಿ 'ಮಾಕ್' ಎನ್ನುವುದು ರೂಢಿ. ನಾವು ಸ್ವಂತ ರಚನೆ ಎಂದೇ ಕರೆಯೋಣ.

ಸ್ವಂತ ರಚನೆಗೆ ಎಷ್ಟು ಅವಕಾಶವಿದೆಯೆಂದು ಕೇಳುವವರಿಗೆ ಒಂದು ಲೆಕ್ಕ. ಎಂಟು ಗುಬುಟುಗಳ, ಒಂದೇ ಬಣ್ಣದ ಎರಡು ಇಟ್ಟಿಗೆಗಳನ್ನು 24 ಬಗೆಯಲ್ಲಿ ಕೂಡಿಸಬಹುದು. ಅಂತಹ ಆರು ಇಟ್ಟಿಗೆಗಳಾದರೆ ಜೋಡಣೆಯ ಬಗೆಗಳು 91,51,03,765 ಎಂದು ಡೆನ್ಮಾರ್ಕಿನ ಗಣಿತಜ್ಞ ಸೋರೆನ್ ಐಲರ್ಸ್ ಗಣಕಯಂತ್ರದ ನೆರವಿನಿಂದ ಎಣಿಸಿದ್ದಾರೆ. ಆರೇ ಇಟ್ಟಿಗೆಗಳಲ್ಲಿ 91 ಕೋಟಿಗೂ ಮಿಕ್ಕಿದ ದಾರಿಗಳಿರುವಾಗ, ಒಂದು ದೇವಾಲಯದ ಮಾದರಿಯನ್ನು ಇಬ್ಬರು ಒಂದೇ ರೀತಿಯಲ್ಲಿ ಕಟ್ಟುವ ಸಂಭವವೇ ಇಲ್ಲ. ಕಟ್ಟುವವನು ಹೆಜ್ಜೆಹೆಜ್ಜೆಗೂ ಆಯ್ಕೆ ಮಾಡಲೇಬೇಕು. ಮುಂದೆ ಹೇಳುವ ಮಾತುಗಳಿಗೆಲ್ಲ ಈ ಆಯ್ಕೆಯೇ ಬೀಜ.

ವಸ್ತುಸಂಗ್ರಹಾಲಯಕ್ಕೆ ಹೋದ ಆಟಿಕೆ

ಇಂತಹ ಮಾದರಿಗಳನ್ನು ವಿದ್ವತ್ ಸಂಸ್ಥೆಗಳೂ ಆದರಿಸಿವೆ. ಆಸ್ಟ್ರೇಲಿಯಾದ ಸಿಡ್ನಿ ವಿಶ್ವವಿದ್ಯಾಲಯಕ್ಕೆ ಸೇರಿದ ನಿಕಲ್ಸನ್ ವಸ್ತುಸಂಗ್ರಹಾಲಯಕ್ಕಾಗಿ ರಯಾನ್ ಮೆಕ್‌ನಾಟ್ ಎಂಬ ವೃತ್ತಿನಿರತ ರಚನಕಾರರು ರೋಮಿನ ಕೊಲೋಸಿಯಂ, ಅಥೆನ್ಸಿನ ಅಕ್ರೋಪೊಲಿಸ್ ಮತ್ತು ಪಾಂಪೇ ನಗರಗಳ ಮಾದರಿಗಳನ್ನು ಒಂದಾದ ಮೇಲೊಂದರಂತೆ ಕಟ್ಟಿಕೊಟ್ಟರು. ಅಕ್ರೋಪೊಲಿಸ್ಸಿನ ಮಾದರಿಯನ್ನು 2014ರಲ್ಲಿ ಅಥೆನ್ಸಿನ ಅಕ್ರೋಪೊಲಿಸ್ ವಸ್ತುಸಂಗ್ರಹಾಲಯಕ್ಕೇ ಕಾಣಿಕೆಯಾಗಿ ಕೊಡಲಾಯಿತು. ನಿಜವಾದ ಅಕ್ರೋಪೊಲಿಸ್ ಕಿಟಕಿಯಾಚೆ ಕಾಣುವ ಕಟ್ಟಡದಲ್ಲಿ ಆಟದ ಇಟ್ಟಿಗೆಯ ಅಕ್ರೋಪೊಲಿಸ್ಸಿಗೂ ಸ್ಥಳ ದೊರೆಯಿತು. 2015ರ ಪಾಂಪೇ ಮಾದರಿಗೆ ಸುಮಾರು 1,90,000 ಇಟ್ಟಿಗೆಗಳು ಬೇಕಾದವು. ಅದರ ವಿಶೇಷವೆಂದರೆ ನಗರವನ್ನು ಮೂರು ಕಾಲಗಳಲ್ಲಿ ತೋರಿಸಿರುವುದು: ಕ್ರಿ.ಶ. 79ರಲ್ಲಿ ವೆಸೂವಿಯಸ್ ಪರ್ವತ ಸಿಡಿದ ಗಳಿಗೆಯ ಪಾಂಪೇ, 18ನೆಯ ಶತಮಾನದಲ್ಲಿ ಅಗೆದು ಹೊರತೆಗೆದಾಗಿನ ಪಾಂಪೇ, ಮತ್ತು ಪ್ರವಾಸಿಗರು ಓಡಾಡುವ ಇಂದಿನ ಪಾಂಪೇ.

ಇಂಗ್ಲೆಂಡಿನ ಡರ್ಹಮ್ ನಗರದ ಕಥೆ ಇನ್ನೊಂದು ಬಗೆಯದು. 1093ರಲ್ಲಿ ಕಟ್ಟಲು ಆರಂಭಿಸಿದ ಅಲ್ಲಿನ ಮಹಾ ಚರ್ಚಿನ ಅಭಿವೃದ್ಧಿಗೆ ಹಣ ಬೇಕಾಗಿತ್ತು. ಒಂದು ಪೌಂಡ್ ಕೊಟ್ಟವರು ಚರ್ಚಿನ ಮಾದರಿಗೆ ಒಂದು ಇಟ್ಟಿಗೆ ಕೂಡಿಸಬಹುದೆಂಬ ಯೋಜನೆ 2013ರಲ್ಲಿ ಆರಂಭವಾಗಿ, 2016ರಲ್ಲಿ 3 ಲಕ್ಷ ಇಟ್ಟಿಗೆಗಳೊಡನೆ ಪೂರ್ಣಗೊಂಡಿತು. ಮಾದರಿಯ ಉದ್ದ ಸುಮಾರು 4 ಮೀಟರ್. ದಾರಿಹೋಕರು, ಶಾಲೆಯ ಮಕ್ಕಳು, ದೂರದ ದೇಶಗಳ ಯಾತ್ರಿಕರು ಒಂದೊಂದು ಇಟ್ಟಿಗೆ ಇಟ್ಟು ಹೋದರು. ನಮ್ಮಲ್ಲಿ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಊರವರೆಲ್ಲ ಒಂದೊಂದು ಕಲ್ಲು ಹೊರುವುದುಂಟಷ್ಟೆ, ಭಾವ ಅದೇ.

ಇವು ದೊಡ್ಡವರ ದೊಡ್ಡ ಕೆಲಸಗಳು. ಮನೆಯ ಮೇಜಿನ ಮೇಲೆ ಇದು ಸಾಧ್ಯವೇ? ಸಾಧ್ಯ. ಅದಕ್ಕೆ ಮೊದಲು ಬೇಕಾದುದು ಅಳತೆಯ ತಿಳಿವಳಿಕೆ.

ಅಳತೆಯ ಲೆಕ್ಕ: ಗೋಳಗುಮ್ಮಟದ ಉದಾಹರಣೆ

ಇಟ್ಟಿಗೆಯ ಮೇಲಿನ ಒಂದು ಗುಬುಟಿನ ಮಧ್ಯದಿಂದ ಪಕ್ಕದ ಗುಬುಟಿನ ಮಧ್ಯಕ್ಕೆ ಇರುವ ದೂರ 8 ಮಿಲಿಮೀಟರ್. ಇಟ್ಟಿಗೆಯ ಎತ್ತರ 9.6 ಮಿ.ಮೀ. ಅದರ ಮೂರನೆಯ ಒಂದು ಪಾಲು ಎತ್ತರದ, ಅಂದರೆ 3.2 ಮಿ.ಮೀ. ದಪ್ಪದ ತೆಳು ಹಲಗೆಗಳೂ ದೊರೆಯುತ್ತವೆ. ಐದು ಹಲಗೆಗಳನ್ನು ಪೇರಿಸಿದರೆ 16 ಮಿ.ಮೀ. ಆಗುತ್ತದೆ, ಅದು ಎರಡು ಗುಬುಟುಗಳ ಅಗಲಕ್ಕೆ ಸರಿಸಮ. ಅಡ್ಡಕ್ಕೂ ಲಂಬಕ್ಕೂ ಹೊಂದಿಕೆ ಬರುವುದು ಈ ಸೂತ್ರದಿಂದ. ಇಟ್ಟಿಗೆಯನ್ನು ಮಗ್ಗುಲಾಗಿ ತಿರುಗಿಸಿ ಗೋಡೆಯಲ್ಲಿ ಕೂರಿಸುವ ನುರಿತವರ ಚಾತುರ್ಯಗಳೆಲ್ಲ ಇದನ್ನೇ ನೆಚ್ಚಿವೆ.

ಈಗ ವಿಜಯಪುರದ ಗೋಳಗುಮ್ಮಟವನ್ನು ತೆಗೆದುಕೊಳ್ಳೋಣ. ಮುಹಮ್ಮದ್ ಆದಿಲ್‌ಶಾಹನ ಈ ಸಮಾಧಿ 17ನೆಯ ಶತಮಾನದ ಮಧ್ಯಭಾಗದ್ದು. ಅದರ ಚೌಕದ ಒಂದೊಂದು ಬದಿ ಸುಮಾರು 47.5 ಮೀಟರ್, ಗುಮ್ಮಟದ ಹೊರ ವ್ಯಾಸ ಸುಮಾರು 44 ಮೀಟರ್, ಗೋಡೆಯ ದಪ್ಪ ಸುಮಾರು 3 ಮೀಟರ್. ಪುಟ್ಟ ಮನುಷ್ಯಾಕೃತಿಗಳು ಒಳಗೆ ಓಡಾಡಬೇಕೆಂದು ಹಟ ಹಿಡಿದರೆ ನಲವತ್ತರಲ್ಲಿ ಒಂದು ಪಾಲಿನ ಅಳತೆ ಬೇಕಾಗುತ್ತದೆ. ಆಗ ಒಂದು ಬದಿ 1.2 ಮೀಟರಿನಷ್ಟಾಗಿ, ನಗರದ ನಮ್ಮ ಎರಡು ಕೋಣೆಗಳ ಮನೆಯಲ್ಲಿ ಊಟದ ಮೇಜನ್ನು ಗುಮ್ಮಟಕ್ಕೆ ಬಿಟ್ಟುಕೊಡಬೇಕಾದೀತು.

ಅದರ ಬದಲು ಒಂದು ಮೀಟರಿಗೆ ಒಂದು ಗುಬುಟು ಎಂದು ಇಟ್ಟುಕೊಂಡರೆ, ಅಂದರೆ 125ರಲ್ಲಿ ಒಂದು ಪಾಲು, ಲೆಕ್ಕ ಬಲು ಸುಲಭವಾಗುತ್ತದೆ. ಬದಿ 38 ಸೆಂಟಿಮೀಟರ್. ಪೇಟೆಯಲ್ಲಿ ದೊರೆಯುವ 48 ಗುಬುಟುಗಳ ಚೌಕ ತಳಹಲಗೆಯ ಅಳತೆ 38.4 ಸೆಂ.ಮೀ. ಆದ್ದರಿಂದ ಗೋಳಗುಮ್ಮಟದ ಚೌಕ ಅದರ ಮೇಲೆ ಅಳೆದಿಟ್ಟಂತೆ ಕೂರುತ್ತದೆ. ಮೂಲೆಯ ಗೋಪುರಗಳಿಗೆ ಮಾತ್ರ ಅಂಚಿನಾಚೆ ಕೊಂಚ ಸ್ಥಳ ಬೇಕು. ಗೋಡೆಯ ದಪ್ಪ ಮೂರು ಗುಬುಟು. ಗುಮ್ಮಟದ ವ್ಯಾಸ 44 ಗುಬುಟು. ಪಕ್ಕದಲ್ಲಿ ನಿಂತ ಮನುಷ್ಯನ ಎತ್ತರ ನಾಲ್ಕು ಹಲಗೆಗಳಷ್ಟು, ಅಂದರೆ ಸುಮಾರು ಒಂದೂಕಾಲು ಸೆಂಟಿಮೀಟರ್. ಆ ಮನುಷ್ಯನನ್ನು ಬಾಗಿಲ ಬಳಿ ನಿಲ್ಲಿಸಿದಾಗಲೇ ಕಟ್ಟಡದ ಅಗಾಧತೆ ಮಕ್ಕಳಿಗೆ ಮನದಟ್ಟಾಗುವುದು.

ಚೌಕ ಇಟ್ಟಿಗೆಯಿಂದ ದುಂಡು ಗುಮ್ಮಟ ಹೇಗೆ? ಶಾಲೆಯಲ್ಲಿ ಕಲಿತ ಪೈಥಾಗೊರಸ್ ಇಲ್ಲಿ ನೆರವಿಗೆ ಬರುತ್ತಾನೆ. ಗುಮ್ಮಟವನ್ನು ಸ್ಥೂಲವಾಗಿ ಅರ್ಧಗೋಳವೆಂದು ಭಾವಿಸಿ, ಅದನ್ನು ಒಂದರ ಮೇಲೊಂದು ಪೇರಿಸಿದ ಬಳೆಗಳೆಂದು ನೋಡಬೇಕು. ಬುಡದಲ್ಲಿ ತ್ರಿಜ್ಯ 22 ಗುಬುಟು. ಎತ್ತರ 12 ಗುಬುಟು ಆದಾಗ, 22ರ ವರ್ಗದಿಂದ 12ರ ವರ್ಗವನ್ನು ಕಳೆದರೆ 340. ಅದರ ವರ್ಗಮೂಲ ಸುಮಾರು 18. ಆ ಎತ್ತರದ ಬಳೆಯ ತ್ರಿಜ್ಯ ಅಷ್ಟು. ಎತ್ತರ 18 ಆದಾಗ ತ್ರಿಜ್ಯ ಸುಮಾರು 12 ಅಥವಾ 13, ಎತ್ತರ 20 ಆದಾಗ ಸುಮಾರು 9. ಬುಡದಲ್ಲಿ ನಿಧಾನವಾಗಿ ಬಾಗುವ ಗುಮ್ಮಟ ನೆತ್ತಿಯ ಬಳಿ ಎಷ್ಟು ಬೇಗ ಮುಚ್ಚಿಕೊಳ್ಳುತ್ತದೆಂಬುದು ಈ ಅಂಕಿಗಳಲ್ಲೇ ಕಾಣುತ್ತದೆ. ವರ್ಗಮೂಲವನ್ನು ದ್ವೇಷಿಸುವ ಮಗು ಕೂಡ ಬಳೆ ಸರಿಯಾಗಿ ಕೂರಬೇಕೆಂದರೆ ಲೆಕ್ಕ ಮಾಡಿಯೇ ಮಾಡುತ್ತದೆ.

ಗುಮ್ಮಟವನ್ನು ಎತ್ತಿಡಲು ಬರುವಂತೆ ಕಟ್ಟುವುದು ಒಳ್ಳೆಯದು. ಚೌಕದ ಮೇಲೆ ದುಂಡನ್ನು ನಿಲ್ಲಿಸುವ ಕಷ್ಟವನ್ನು ಅಂದಿನ ಶಿಲ್ಪಿಗಳು ಹೇಗೆ ಬಿಡಿಸಿದರೆಂಬುದು ಆಗ ಒಳಗಿನಿಂದ ಕಾಣುತ್ತದೆ. ಒಂದರ ಮೇಲೊಂದು ತಿರುಗಿಸಿಟ್ಟ ಎರಡು ಚೌಕಗಳಂತೆ ಎಂಟು ಕಮಾನುಗಳು ಒಂದನ್ನೊಂದು ಹಾಯ್ದು, ನಡುವೆ ಎಂಟು ಮೂಲೆಯ ಆಸರೆಯನ್ನು ಮಾಡಿ, ಗುಮ್ಮಟದ ಭಾರವನ್ನು ಗೋಡೆಗೆ ಒಪ್ಪಿಸುತ್ತವೆ. ಪುಸ್ತಕದಲ್ಲಿ ಹತ್ತು ಸಲ ಓದಿದರೂ ತಿಳಿಯದ ಸಂಗತಿಯಿದು. ಇಟ್ಟಿಗೆಯಲ್ಲಿ ಕಟ್ಟಲು ಹೊರಟವರ ಗುಮ್ಮಟ ಎರಡು ಸಲ ಕುಸಿದರೆ ತಾನೇ ತಿಳಿಯುತ್ತದೆ. ಆದರೆ ಪಿಸುಮಾತು ಮಾರ್ದನಿಗೊಳ್ಳುವ ಅಲ್ಲಿನ ಮೊಗಸಾಲೆಯ ಸೋಜಿಗವನ್ನು ಮಾದರಿ ತೋರಿಸಲಾರದು. ಅದಕ್ಕೆ ವಿಜಯಪುರಕ್ಕೇ ಹೋಗಬೇಕು.

ಕಲ್ಲಿನ ರಥದ ಮುಂದೆ ನಾವು ಸೋತದ್ದು

ಅಳತೆ ಸರಿಯಾದರೆ ಮಾದರಿ ಸರಿಯಾಯಿತೆಂದು ನಾವೂ ನಂಬಿದ್ದೆವು. ಆ ನಂಬಿಕೆ ಮುರಿದದ್ದು ಹಂಪೆಯ ಕಲ್ಲಿನ ರಥವನ್ನು ಕಟ್ಟಲು ಹೊರಟಾಗ. 2017ರಿಂದ ಚಲಾವಣೆಗೆ ಬಂದ 50 ರೂಪಾಯಿಯ ಹೊಸ ನೋಟಿನ ಹಿಂಬದಿಯಲ್ಲಿ ಈ ರಥವಿದೆ. ದಿನವೂ ಕೈಯಲ್ಲಿ ಹಿಡಿಯುವ ಚಿತ್ರ, ಮೇಲಾಗಿ ನಾವು ಸಂಸಾರಸಮೇತರಾಗಿ ಹಂಪೆಗೆ ಹೋಗಿ ಬಂದವರು. ಕಷ್ಟವೇನಿದ್ದೀತೆಂದು ಮನೆಯ ಮಕ್ಕಳೊಡನೆ ಕುಳಿತೆವು.

ಅಳತೆಗೆಂದು ಹಂಪೆಯ ಭಾವಚಿತ್ರಗಳ ಸಂಪುಟವನ್ನು ತೆರೆದೆವು. ರಥದ ಮುಂದೆ ತೆಗೆದ ಚಿತ್ರಗಳು ಹದಿನಾಲ್ಕು ಇದ್ದವು. ಹದಿನಾಲ್ಕರಲ್ಲೂ ನಾವೇ ನಿಂತಿದ್ದೆವು. ಅಜ್ಜಿಯ ಸೆರಗಿನ ಹಿಂದೆ ಒಂದು ಚಕ್ರ, ಮಾವನ ಹೆಗಲ ಮೇಲೆ ಆನೆಯ ಸೊಂಡಿಲು. "ಹಿಂದುಗಡೆ ಹೇಗಿದೆ?" ಎಂದು ಕಿರಿಯ ಮಗು ಕೇಳಿತು. ಒಬ್ಬರಿಗೂ ಹೇಳಲಾಗಲಿಲ್ಲ. ಎಂಟು ಜನ ಹೋಗಿದ್ದೆವು, ಎಂಟು ಜನರಲ್ಲಿ ಒಬ್ಬರೂ ರಥವನ್ನು ಸುತ್ತುಹಾಕಿ ನೋಡಿರಲಿಲ್ಲ, ಅಥವಾ ನೋಡಿದ್ದು ಮನಸ್ಸಿನಲ್ಲಿ ಉಳಿದಿರಲಿಲ್ಲ. ನಮ್ಮ ನಾಡು, ನಮ್ಮ ಹಂಪೆ ಎಂದು ಸಭೆಗಳಲ್ಲಿ ಎದೆಯುಬ್ಬಿಸಿ ಮಾತಾಡುವ ನಾವು ಆ ಸಂಜೆ ಮಗುವಿನ ಮುಂದೆ ತಲೆತಗ್ಗಿಸಿದೆವು. ಒಂದು ಸಮಾಧಾನವೆಂದರೆ, ರಥಕ್ಕೆ ಅಡ್ಡ ನಿಂತ ಅಜ್ಜಿಯೇ ಅಳತೆಗೋಲಾದರು. ಅವರ ಎತ್ತರ ಐದು ಅಡಿಯೆಂದು ಗೊತ್ತಿದ್ದುದರಿಂದ ಚಕ್ರದ ಅಳತೆಯನ್ನು ಅಂದಾಜು ಮಾಡಲು ಸಾಧ್ಯವಾಯಿತು.

ಮುಂದೆ ಪುಸ್ತಕಗಳನ್ನು ತಿರುವಿದಂತೆಲ್ಲ ಪ್ರಶ್ನೆಗಳು ಹೆಚ್ಚಿದವು. ವಿಠ್ಠಲ ದೇವಾಲಯದ ಎದುರಿನ ಈ ರಥ ವಾಸ್ತವವಾಗಿ ಗರುಡನ ಗುಡಿ. ಒಂದೇ ಬಂಡೆಯಲ್ಲಿ ಕೊರೆದಂತೆ ಕಂಡರೂ ಅನೇಕ ಕಲ್ಲುಗಳನ್ನು ಸಂದು ಕಾಣದಂತೆ ಜೋಡಿಸಿ ಕಟ್ಟಿದ್ದು. ನಮ್ಮ ಕೈಯಲ್ಲಿದ್ದ ಆಟದ ಇಟ್ಟಿಗೆಗೂ ಅದಕ್ಕೂ ಹೀಗೊಂದು ನಂಟು ಕಂಡು ಮಕ್ಕಳಿಗೆ ಹಿಗ್ಗು. ಆದರೆ ಮುಂದಿರುವ ಎರಡು ಆನೆಗಳು ರಥದೊಡನೆ ಹುಟ್ಟಿದವಲ್ಲ. ಅವುಗಳ ಹಿಂದೆ ಕುದುರೆಗಳ ಹಿಂಗಾಲು, ಬಾಲಗಳ ಗುರುತಿದ್ದು, ಮೊದಲು ಅಲ್ಲಿ ಕುದುರೆಗಳಿದ್ದವೆಂದೂ ಆನೆಗಳನ್ನು ಆಮೇಲೆ ತಂದಿರಿಸಲಾಯಿತೆಂದೂ ತಿಳಿದವರು ಹೇಳುತ್ತಾರೆ. ಇನ್ನು ರಥದ ನೆತ್ತಿ. ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ 1856ರಲ್ಲಿ ಹಂಪೆಯಲ್ಲಿ ತೆಗೆದ ಛಾಯಾಚಿತ್ರಗಳಲ್ಲಿ ರಥದ ಮೇಲೆ ಇಟ್ಟಿಗೆಯ ಶಿಖರವೊಂದಿದೆ. ಇಂದು ಅದಿಲ್ಲ. ನೋಟಿನಲ್ಲಿ ನಾವು ಕಾಣುವುದು ಶಿಖರ ಕಳೆದುಕೊಂಡ, ಕುದುರೆಗಳ ಬದಲು ಆನೆಗಳನ್ನು ಕಟ್ಟಿಕೊಂಡ ರಥ. ಗ್ರೀನ್‌ಲಾ ನಿಂತ ಸ್ಥಳಗಳಲ್ಲೇ ನಿಂತು 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಮತ್ತೆ ಚಿತ್ರ ತೆಗೆದಿದ್ದಾರೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ನಡುವಿನ ಕಾಲ ಏನನ್ನು ಒಯ್ದಿತೆಂಬುದು ಕಣ್ಣಿಗೆ ಕಟ್ಟುತ್ತದೆ.

ಹಾಗಾದರೆ ನಾವು ಕಟ್ಟಬೇಕಾದುದು ಯಾವ ರಥ? ಕುದುರೆಗಳಿದ್ದ ವಿಜಯನಗರದ ಕಾಲದ್ದೇ, ಶಿಖರವಿದ್ದ 1856ರದ್ದೇ, ಇಂದಿನದೇ? ಮೂರರಿಂದಲೂ ಇಷ್ಟಿಷ್ಟು ತೆಗೆದು ಅಂದವಾದುದನ್ನು ಕಟ್ಟಿದರೆ, ಯಾವ ಕಾಲದಲ್ಲೂ ಇಲ್ಲದಿದ್ದ ರಥವೊಂದು ನಮ್ಮ ಮೇಜಿನ ಮೇಲೆ ನಿಲ್ಲುತ್ತದೆ. ಮಕ್ಕಳು ಅದನ್ನೇ ನಿಜವೆಂದು ನಂಬುತ್ತಾರೆ. ಐತಿಹಾಸಿಕ ಮಾದರಿಗೂ ಕಲ್ಪನೆಯ ಕೋಟೆಗೂ ಇರುವ ಅಂತರ ಇಲ್ಲಿಯೇ. ಕಲ್ಪನೆಯ ಕೋಟೆ ಯಾರಿಗೂ ಉತ್ತರ ಹೇಳಬೇಕಾಗಿಲ್ಲ. ಇತಿಹಾಸದ ಮಾದರಿ ಹೇಳಬೇಕು.

ಊಹೆಗೆ ಬೇರೆ ಬಣ್ಣ

ಈ ತೊಡಕನ್ನು ಪ್ರಾಚೀನ ಕಟ್ಟಡಗಳ ಸಂರಕ್ಷಕರು ನಮಗಿಂತ ಮೊದಲೇ ಎದುರಿಸಿದ್ದಾರೆ. 1964ರಲ್ಲಿ ವೆನಿಸ್ ನಗರದಲ್ಲಿ ಒಪ್ಪಿಕೊಂಡ ಸನ್ನದು ಇಂದಿಗೂ ಈ ಕ್ಷೇತ್ರಕ್ಕೆ ಆಧಾರ. ಊಹೆ ಎಲ್ಲಿ ಮೊದಲಾಗುತ್ತದೆಯೋ ಅಲ್ಲಿ ಜೀರ್ಣೋದ್ಧಾರ ನಿಲ್ಲಬೇಕು, ಹೊಸದಾಗಿ ಸೇರಿಸಿದ್ದು ಹಳೆಯದರಿಂದ ಬೇರೆಯೆಂದು ಗುರುತು ಸಿಗಬೇಕು ಎಂಬುದು ಅದರ ಮುಖ್ಯ ತಿರುಳುಗಳಲ್ಲಿ ಒಂದು. ಆಟದ ಇಟ್ಟಿಗೆಗೆ ಇದನ್ನು ಅನ್ವಯಿಸುವುದು ಬಹು ಸುಲಭ, ಏಕೆಂದರೆ ಇಟ್ಟಿಗೆಗೆ ಬಣ್ಣವಿದೆ.

ನಾವು ಮಾಡಿದ್ದಿಷ್ಟೆ. ಇಂದು ನಿಂತಿರುವ ರಥವನ್ನು ಮಾಸಲು ಕಂದು ಬಣ್ಣದಲ್ಲಿ ಕಟ್ಟಿದೆವು. 1856ರ ಚಿತ್ರದಲ್ಲಿ ಕಾಣುವ, ಈಗ ಇಲ್ಲದ ಶಿಖರವನ್ನು ಗಾಜಿನಂತಹ ಪಾರದರ್ಶಕ ಇಟ್ಟಿಗೆಗಳಲ್ಲಿ ಕಟ್ಟಿ, ಬೇಕಾದಾಗ ತೆಗೆದಿಡುವಂತೆ ಮಾಡಿದೆವು. ಕುದುರೆಗಳ ರೂಪ ಹೇಗಿತ್ತೆಂಬುದಕ್ಕೆ ನಮ್ಮಲ್ಲಿ ಆಧಾರವಿರಲಿಲ್ಲವಾದ್ದರಿಂದ ಅವನ್ನು ಕಟ್ಟಲಿಲ್ಲ. ಆನೆಗಳ ಹಿಂದೆ ಎರಡು ಪಾರದರ್ಶಕ ತುಂಡುಗಳನ್ನಿಟ್ಟು ಜಾಗವನ್ನು ಗುರುತಿಸಿದೆವು. ಹಿಂಭಾಗವನ್ನು ನುಣುಪಾದ ಬಿಳಿ ಗೋಡೆಯಾಗಿ ಬಿಟ್ಟೆವು. ಬಿಳಿ ಎಂದರೆ ನಾವು ನೋಡಿಲ್ಲ ಎಂದರ್ಥ. ಮೊದಲು ಮಕ್ಕಳಿಗೆ ಇದು ಹಿಡಿಸಲಿಲ್ಲ, ರಥ ಅಪೂರ್ಣವಾಗಿ ಕಂಡಿತು. ಆದರೆ ಬಂದವರಿಗೆಲ್ಲ ಯಾವುದು ನಿಜ, ಯಾವುದು ಹೋಯಿತು, ಯಾವುದು ತಿಳಿಯದು ಎಂದು ಬೆರಳಿಟ್ಟು ತೋರಿಸುವ ಅಧಿಕಾರ ಸಿಕ್ಕಿದ ಮೇಲೆ ಅದೇ ಅವರ ಹೆಮ್ಮೆಯಾಯಿತು.

ಹಂಚಿಕೊಳ್ಳುವ ಬಗೆ

ಈ ಹವ್ಯಾಸದಲ್ಲಿ ಕಟ್ಟುವುದು ಅರ್ಧ, ಹಂಚಿಕೊಳ್ಳುವುದು ಇನ್ನರ್ಧ. ಹಂಚಿಕೆ ಎಂದರೆ ಭಾವಚಿತ್ರ ತೋರಿಸಿ ಭೇಷ್ ಎನ್ನಿಸಿಕೊಳ್ಳುವುದಷ್ಟೇ ಅಲ್ಲ. ಇನ್ನೊಬ್ಬರು ಅದನ್ನು ಮತ್ತೆ ಕಟ್ಟುವಂತೆ, ತಪ್ಪಿದ್ದರೆ ತಿದ್ದುವಂತೆ ಕೊಡುವುದು ನಿಜವಾದ ಹಂಚಿಕೆ. ಇದಕ್ಕೆ ದಾರಿ ಹಾಕಿಕೊಟ್ಟವರು ಆಸ್ಟ್ರೇಲಿಯಾದ ತರುಣ ಜೇಮ್ಸ್ ಜೆಸ್ಸಿಮನ್. ಇಟ್ಟಿಗೆಗಳ ರಚನೆಯನ್ನು ಗಣಕಯಂತ್ರದಲ್ಲಿ ಬರೆದಿಡುವ ಎಲ್‌ಡ್ರಾ ಎಂಬ ಪದ್ಧತಿಯನ್ನು ಅವರು 1995ರಲ್ಲಿ ರೂಪಿಸಿದರು. ಎರಡೇ ವರ್ಷಗಳಲ್ಲಿ, 1997ರಲ್ಲಿ, ಇನ್ನೂ ಎಳೆಯ ವಯಸ್ಸಿನಲ್ಲೇ ತೀರಿಕೊಂಡರು. ಅವರು ಬಿಟ್ಟುಹೋದ ಕೆಲಸವನ್ನು ಹವ್ಯಾಸಿಗಳು ಸ್ವಯಂಪ್ರೇರಿತರಾಗಿ ಮುಂದುವರಿಸಿಕೊಂಡು ಬಂದಿದ್ದಾರೆ. 2000ದಲ್ಲಿ ಆರಂಭವಾಗಿ 2019ರಲ್ಲಿ ಲೆಗೊ ಸಂಸ್ಥೆಯ ಒಡೆತನಕ್ಕೆ ಬಂದ ಬ್ರಿಕ್‌ಲಿಂಕ್ ಎಂಬ ಅಂತರಜಾಲ ಮಾರುಕಟ್ಟೆಯ ಸ್ಟುಡಿಯೋ ಎಂಬ ತಂತ್ರಾಂಶವೂ ಉಚಿತವಾಗಿ ದೊರೆಯುತ್ತದೆ. ಮೊದಲು ಪರದೆಯ ಮೇಲೆ ಕಟ್ಟಿ, ಬೇಕಾದ ಇಟ್ಟಿಗೆಗಳ ಪಟ್ಟಿ ತೆಗೆದು, ಆಮೇಲೆ ಅಷ್ಟನ್ನೇ ಕೊಂಡರೆ ಹಣವೂ ಉಳಿಯುತ್ತದೆ.

ಹವ್ಯಾಸಿಯ ರಚನೆ ಅಂಗಡಿಗೆ ಬರುವ ದಾರಿಯೂ ಇದೆ. ಲೆಗೊ ಐಡಿಯಾಸ್ ಎಂಬ ಯೋಜನೆಯಲ್ಲಿ ಒಂದು ವಿನ್ಯಾಸಕ್ಕೆ 10,000 ಜನರ ಬೆಂಬಲ ದೊರೆತರೆ ಸಂಸ್ಥೆ ಅದನ್ನು ಪರಿಶೀಲನೆಗೆ ತೆಗೆದುಕೊಳ್ಳುತ್ತದೆ. ಆಯ್ಕೆಯಾದರೆ ನಿವ್ವಳ ಮಾರಾಟದ ನೂರಕ್ಕೆ ಒಂದು ಪಾಲು ರಚನಕಾರರಿಗೆ ಸಲ್ಲುತ್ತದೆ. 2021ರಲ್ಲಿ ಬಂದ 2,164 ತುಂಡುಗಳ ಮಧ್ಯಯುಗದ ಕಮ್ಮಾರಸಾಲೆ, 2023ರಲ್ಲಿ ಬಂದ 2,103 ತುಂಡುಗಳ ವೈಕಿಂಗ್ ಹಳ್ಳಿ, ಎರಡೂ ಹೀಗೆ ಹವ್ಯಾಸಿಗಳ ಮನೆಯಲ್ಲಿ ಹುಟ್ಟಿದವು. ಭಾರತದ ಕಟ್ಟಡಗಳಲ್ಲಿ ತಾಜಮಹಲ್ ಸಂಸ್ಥೆಯ ಸ್ವಂತ ವಿನ್ಯಾಸವಾಗಿ 2008ರಲ್ಲೇ 5,922 ತುಂಡುಗಳಲ್ಲಿ ಬಂದಿತ್ತು.

ಮನೆಯ ಮಟ್ಟದಲ್ಲಿ ಹಂಚಿಕೊಳ್ಳುವವರು ಮಾದರಿಯ ಪಕ್ಕ ಒಂದು ಚೀಟಿ ಬರೆದಿಡಬೇಕೆಂಬುದು ನಮ್ಮ ಸಲಹೆ. ಯಾವ ಕಟ್ಟಡ, ಯಾವ ವರ್ಷದ ಸ್ಥಿತಿ, ಅಳತೆಯ ಪ್ರಮಾಣ ಎಷ್ಟು, ಆಧಾರ ಯಾವುದು, ಊಹೆ ಎಲ್ಲಿದೆ, ಬಿಟ್ಟದ್ದೇನು: ಈ ಆರು ಸಂಗತಿಗಳು ಸಾಕು. ಇನ್ನೊಬ್ಬರ ವಿನ್ಯಾಸವನ್ನು ಅನುಸರಿಸಿದ್ದರೆ ಅವರ ಹೆಸರನ್ನು ತಪ್ಪದೆ ಬರೆಯಬೇಕು. ಚಿತ್ರ ತೆಗೆಯುವಾಗ ಬಿಸಿಲಿಲ್ಲದ ಹಗಲುಬೆಳಕಿನಲ್ಲಿ ನಾಲ್ಕು ಬದಿಗಳಿಂದಲೂ ತೆಗೆಯಬೇಕು. ಹಿಂಬದಿಯಿಂದಲೂ ಎಂದು ಬೇರೆ ಹೇಳಬೇಕಿಲ್ಲ.

ಮನೆಯವರಿಗೆ ಕೆಲವು ಮಾತು

ಇಟ್ಟಿಗೆಗಳು ದುಬಾರಿಯೆಂಬ ದೂರು ಸುಳ್ಳಲ್ಲ. ಮೂಲ ಪೇಟೆಂಟಿನ ಅವಧಿ ಬಹು ಹಿಂದೆಯೇ ಮುಗಿದಿದೆ. ಇಟ್ಟಿಗೆಯ ಆಕಾರವನ್ನು ಒಂದೇ ಸಂಸ್ಥೆಯ ವ್ಯಾಪಾರಚಿಹ್ನೆಯಾಗಿ ಕಾಯ್ದಿರಿಸಲಾಗದೆಂದು ಐರೋಪ್ಯ ಒಕ್ಕೂಟದ ನ್ಯಾಯಾಲಯ 2010ರಲ್ಲಿ ತೀರ್ಪಿತ್ತಿದೆ. ಆದ್ದರಿಂದ ಬೇರೆ ತಯಾರಕರ, ಅವೇ ಅಳತೆಯ ಇಟ್ಟಿಗೆಗಳನ್ನು ಬಳಸುವುದರಲ್ಲಿ ತಪ್ಪಿಲ್ಲ. ಕೊಳ್ಳುವ ಮುಂಚೆ ಹಿಡಿತ ನೋಡಿಕೊಂಡರಾಯಿತು. ಪರಿಚಿತರ ಮನೆಗಳಲ್ಲಿ ಮಕ್ಕಳು ಬೆಳೆದು ಮೂಲೆ ಸೇರಿದ ಇಟ್ಟಿಗೆಗಳನ್ನು ಕೇಳಿ ಪಡೆಯುವುದು ಎಲ್ಲಕ್ಕಿಂತ ಅಗ್ಗ. ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿದರೆ ಹೊಸದರಂತಾಗುತ್ತವೆ. ಬಿಸಿಲಿನಲ್ಲಿಟ್ಟರೆ ಬಣ್ಣ ಮಾಸುತ್ತದೆ. ಮೂರು ವರ್ಷದೊಳಗಿನ ಕೂಸುಗಳಿರುವ ಮನೆಯಲ್ಲಿ ಚಿಕ್ಕ ತುಂಡುಗಳು ಅವರ ಕೈಗೆ, ಬಾಯಿಗೆ ಸಿಗದಂತೆ ಎಚ್ಚರ ವಹಿಸಬೇಕು.

ಮೊದಲ ಪ್ರಯತ್ನಕ್ಕೆ ಅರಮನೆ ಬೇಡ. ಅಜ್ಜನ ಊರಿನ ಹೆಬ್ಬಾಗಿಲು, ಕೆರೆಯ ತೂಬು, ಊರ ಮುಂದಿನ ವೀರಗಲ್ಲು ಸಾಕು. ಬೇಸಗೆಯ ರಜೆಯಲ್ಲಿ ಊರಿಗೆ ಹೋದಾಗ ಮಗುವಿನ ಕೈಗೆ ಒಂದು ಅಳತೆಪಟ್ಟಿ, ಒಂದು ನೋಟುಪುಸ್ತಕ ಕೊಡಿ. ಅಳೆಯಲು ಹೋದ ಮಗು ಊರ ಹಿರಿಯರನ್ನು ಮಾತಾಡಿಸಲೇಬೇಕಾಗುತ್ತದೆ, ಅದೂ ಕನ್ನಡದಲ್ಲಿ.

ನಮ್ಮ ರಥವನ್ನು ನವರಾತ್ರಿಯಲ್ಲಿ ಗೊಂಬೆಗಳ ಕೆಳಗಿನ ಮೆಟ್ಟಿಲ ಮೇಲೆ, ಚೀಟಿಯೊಡನೆ ಇರಿಸಿದ್ದೆವು. ಅರಿಸಿನ ಕುಂಕುಮಕ್ಕೆ ಬಂದ ಹಿರಿಯರೊಬ್ಬರು, ಹೊಸಪೇಟೆಯ ಕಡೆಯವರು, ಚೀಟಿಯ ಕೊನೆಯ ಸಾಲನ್ನು ಎರಡು ಸಲ ಓದಿದರು. 'ಹಿಂಭಾಗ: ನಾವು ನೋಡಿಲ್ಲ' ಎಂದು ಅಲ್ಲಿ ಮಗು ಬರೆದಿತ್ತು. ಏನೂ ಹೇಳದೆ ಪ್ರಸಾದ ತೆಗೆದುಕೊಂಡು ಹೋದರು. ವಾರ ಕಳೆದ ಮೇಲೆ ಅಂಚೆಯಲ್ಲಿ ಒಂದು ಲಕೋಟೆ ಬಂದಿತು. ಒಳಗೆ ಅವರ ತಂದೆಯ ಕಾಲದ ಕಪ್ಪುಬಿಳುಪಿನ ಭಾವಚಿತ್ರ, ರಥದ ಹಿಂದಿನಿಂದ ತೆಗೆದದ್ದು. ಅದರಲ್ಲಿ ಮನುಷ್ಯರೊಬ್ಬರೂ ಇರಲಿಲ್ಲ. ಅಂದು ರಾತ್ರಿ ಊಟವಾದ ಮೇಲೆ ಬಿಳಿ ಗೋಡೆಯನ್ನು ಕಳಚಿ, ಕಂದು ಇಟ್ಟಿಗೆಗಳನ್ನು ಹುಡುಕಿಕೊಂಡು ಎಲ್ಲರೂ ನೆಲದ ಮೇಲೆ ಕುಳಿತೆವು.